ಬಿಡ್ತೀನಿ ಅಂದವರ ಊರಿನಲ್ಲಿ

1956ರ ಅಕ್ಟೋಬರ್ 14, ವಿಜಯದಶಮಿ. ಈಗ ದೀಕ್ಷಾಭೂಮಿ ಎನ್ನುವ ನಾಗಪುರದ ಬಯಲಿನಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಮೊದಲು ತಾವು ಭಂತೆ ಚಂದ್ರಮಣಿಯವರಿಂದ ಬೌದ್ಧ ದೀಕ್ಷೆ ಪಡೆದರು. ಆಮೇಲೆ ನೆರೆದಿದ್ದ ಲಕ್ಷಾಂತರ ಜನರಿಗೆ ತಾವೇ ನಿಂತು 22 ಪ್ರತಿಜ್ಞೆಗಳನ್ನು ಬೋಧಿಸಿದರು. ಮದ್ಯ, ಮಾದಕ ಪದಾರ್ಥ ಮುಟ್ಟುವುದಿಲ್ಲ ಎಂಬುದು ಅವುಗಳಲ್ಲೊಂದು. ಅದಾಗಿ ಆರೇಳು ವಾರಕ್ಕೆ, ನವೆಂಬರ್ ಕೊನೆಯಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ಸಭೆ ಸೇರಿದ್ದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಒಂದು ಠರಾವು ಮಾಡಿತು: ಕುಡಿತದ ಚಟ ಕಾಯಿಲೆ, ಅದಕ್ಕೆ ತುತ್ತಾದವರನ್ನು ಆಸ್ಪತ್ರೆಗಳು ಬಾಗಿಲಲ್ಲೇ ತಡೆಯದೆ ರೋಗಿಗಳೆಂದು ಸೇರಿಸಿಕೊಳ್ಳಬೇಕು.

ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ವ್ಯಸನದ ಬಗ್ಗೆ ಇವತ್ತಿಗೂ ನಡೆಯುವ ಜಗಳದ ಎರಡೂ ಪಕ್ಷ ಅಲ್ಲಿವೆ. ಒಂದು ಕಡೆ, ಬಿಡುತ್ತೇನೆ ಅಂದರೆ ಬಿಡಬಹುದು, ಅದು ನಿನ್ನ ಕೈಯಲ್ಲೇ ಇದೆ ಎಂಬ ನಂಬಿಕೆ. ಇನ್ನೊಂದು ಕಡೆ, ಅದು ನಿನ್ನ ಕೈ ಮೀರಿದೆ, ಡಾಕ್ಟರ ಹತ್ತಿರ ಬಾ ಎಂಬ ಕರೆ. ದೀಕ್ಷಾಭೂಮಿಯ ಈ ಊರಿನಲ್ಲಿ ಇದ್ದುಕೊಂಡು, ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಈ ಜಗಳ ಪುಸ್ತಕದ್ದಾಗಿ ಉಳಿದಿಲ್ಲ. ಕಾರಣ ಖರ್ರಾ.

ನಾಗಪುರದ ಪತ್ರಿಕೆಗಳಲ್ಲಿ ಈಗ ಮಾದಕ ವಸ್ತು ಎಂದರೆ ಎಂಡಿ. ಮೆಫೆಡ್ರೋನ್ ಎಂಬ ಆ ಪುಡಿ 2015ರಲ್ಲಿ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿತು. ಅದರ ಜೊತೆಗೆ ಪೂರ್ವದ ಕಡೆಯಿಂದ ರೈಲಿನಲ್ಲಿ ಬಂದು ಸಿಕ್ಕಿಬೀಳುವ ಗಾಂಜಾ ಮೂಟೆಗಳ ಫೋಟೊ. ಮೂಟೆಯ ಹಿಂದೆ ಸಾಲಾಗಿ ನಿಂತ ಪೊಲೀಸರು. ಸುದ್ದಿಗೆ ಅದು ಸರಿ. ಆದರೆ ವ್ಯಸನ ಆಯ್ಕೆಯೋ ಕಾಯಿಲೆಯೋ ಎಂದು ಕೇಳುವವರು ಎಂಡಿಯನ್ನು ಪಕ್ಕಕ್ಕಿಟ್ಟು ಪಾನ್‌ಠೇಲಾದ, ಅಂದರೆ ಬೀಡಾ ಅಂಗಡಿಯ, ಮುಂದೆ ಅರ್ಧ ಗಂಟೆ ನಿಲ್ಲಬೇಕು. ಅಲ್ಲಿ ಸಿನಿಮಾದ ಖಳನಾಯಕನಿಲ್ಲ, ಅಮಲಿನಲ್ಲಿ ತೂರಾಡುವವರಿಲ್ಲ. ಆಫೀಸಿಗೆ ಹೋಗುವವರು, ಆಟೊದವರು, ಕಾಲೇಜು ಹುಡುಗರು, ತರಕಾರಿ ಮಾರುವ ಹೆಂಗಸು. ಎಲ್ಲರೂ ಪೂರ್ತಿ ಎಚ್ಚರದಲ್ಲಿರುತ್ತಾರೆ, ಮಾಡುತ್ತಿರುವುದೇನೆಂದು ಎಲ್ಲರಿಗೂ ಗೊತ್ತಿರುತ್ತದೆ.

ವಿದರ್ಭದ ಆಚೆಯವರಿಗೆ ಖರ್ರಾ ಏನೆಂದು ಹೇಳಬೇಕು. ಠೇಲಾದವನು ದಪ್ಪ ಪ್ಲಾಸ್ಟಿಕ್ ಹಾಳೆಯ ಒಂದು ಚೌಕ ಹಾಸಿ ಅದರ ಮೇಲೆ ಅಡಿಕೆಯ ತೆಳು ಚೂರು ಸುರಿಯುತ್ತಾನೆ. ಮೇಲೆ ತಂಬಾಕು, ಯಾವ ನಂಬರಿನದು, ಎಷ್ಟು ಎಂದು ಗಿರಾಕಿ ಹೇಳುವ ಮೊದಲೇ ಅವನಿಗೆ ಗೊತ್ತು. ಕಡ್ಡಿಯ ತುದಿಯಲ್ಲಿ ಸುಣ್ಣ, ನಾಲ್ಕು ಹನಿ ನೀರು. ಹಾಳೆ ಮಡಚಿ, ಅಂಗೈಯ ಬುಡವನ್ನು ಅದರ ಮೇಲೆ ಊರಿ, ಹಲಗೆಗೆ ಒತ್ತಿ ಗರಗರ ಉಜ್ಜುತ್ತಾನೆ. ಇದಕ್ಕೆ ಇಲ್ಲಿ ಘೋಟ್ನಾ ಅನ್ನುತ್ತಾರೆ. ಉಜ್ಜಿದಷ್ಟೂ ಅಡಿಕೆ ಮೆತ್ತಗಾಗುತ್ತದೆ, ತಂಬಾಕಿನ ಕಂದು ಬಣ್ಣ ಅದಕ್ಕೆ ಹತ್ತುತ್ತದೆ, ಘಾಟು ಏಳುತ್ತದೆ. ಆಮೇಲೆ ಸಣ್ಣ ಪ್ಲಾಸ್ಟಿಕ್ ಪೊಟ್ಟಣಕ್ಕೆ ಸುರಿದು ಒಂದು ರಬ್ಬರ್ ಬ್ಯಾಂಡ್. ಅದು ಅಂಗಿಯ ಜೇಬಿಗೆ ಹೋಗುತ್ತದೆ. ಸ್ವಲ್ಪ ಸ್ವಲ್ಪ ದವಡೆಗೆ ಸೇರುತ್ತ ಸಂಜೆಯ ತನಕ ಬರುತ್ತದೆ. ಎದುರು ಸಿಕ್ಕವನಿಗೆ ಪೊಟ್ಟಣ ಚಾಚುವುದು ಇಲ್ಲಿ ನಮಸ್ಕಾರದಷ್ಟೇ ಸಹಜ. ಬೇಡ ಅಂದರೆ, "ಯಾಕೆ ಭಾವೂ, ತಬಿಯತ್ ಸರಿ ಇಲ್ಲವಾ?" ಎಂಬ ಪ್ರಶ್ನೆ. ತಿನ್ನದವನೇ ಇಲ್ಲಿ ಕಾಯಿಲೆಯವನು.

ಆ ಚಿಟಿಕೆ ಸುಣ್ಣ ಸುಮ್ಮನೆ ಬಿದ್ದದ್ದಲ್ಲ. ಸುಣ್ಣದ ಕ್ಷಾರ ತಂಬಾಕಿನ ನಿಕೋಟಿನ್ ಅನ್ನು ಬಾಯಿಯ ಒಳಪೊರೆ ಸುಲಭವಾಗಿ ಹೀರುವ ರೂಪಕ್ಕೆ ತರುತ್ತದೆ. ಅಡಿಕೆಯಲ್ಲಿ ಅರೆಕೋಲಿನ್ ಇದೆ. ಮಿದುಳಿನಲ್ಲಿ ನಿಕೋಟಿನ್ ಕೂರುವ ಗ್ರಾಹಕಗಳ ಮೇಲೆ ಅರೆಕೋಲಿನ್ ಕೂಡ ಕೆಲಸ ಮಾಡುತ್ತದೆ ಎಂದು ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಅಂದರೆ ಖರ್ರಾ ತಿನ್ನುವವನು ಒಂದೇ ಬೀಗಕ್ಕೆ ಎರಡು ಕೀಲಿ ಹಾಕುತ್ತಿರುತ್ತಾನೆ. ಅಜ್ಜಿಯ ಕಾಲದಿಂದ ನಮ್ಮಲ್ಲಿರುವ ಎಲೆಯಡಿಕೆಯ ಕವಳ ಬಿಡುವುದು ಯಾಕೆ ಅಷ್ಟು ಕಷ್ಟ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಪರಿಚಯದ ದಂತವೈದ್ಯೆಯೊಬ್ಬರ ಕ್ಲಿನಿಕ್‌ನಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಮೂವತ್ತು ದಾಟಿರದ ಆಟೊ ಚಾಲಕ ಬಂದ. ಅವರು ಬಾಯಿ ತೆರೆಯಲು ಹೇಳಿದರು. ತೆರೆದ ಮೇಲೂ ಇನ್ನೂ ತೆರೆಯಲು ಹೇಳಿದರು. ಆರೋಗ್ಯವಂತರ ಬಾಯಲ್ಲಿ ಮೂರು ಬೆರಳು ಉದ್ದಕ್ಕೆ ನಿಲ್ಲುತ್ತವೆ. ಇವನದರಲ್ಲಿ ಒಂದು ಬೆರಳು ಕಷ್ಟಪಟ್ಟು ಹೋಯಿತು. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಚಕ್ಕಳದಂತೆ ಬಿಗಿದಿತ್ತು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಇದರ ಹೆಸರು. ಅಡಿಕೆಯೇ ಇದರ ಮುಖ್ಯ ಕಾರಣ. ಖಾರ ತಗುಲಿದರೆ ಬಾಯಿ ಉರಿಯುತ್ತದೆ, ಬಿಗಿತ ಬಂದದ್ದು ಹಿಂದೆ ಹೋಗುವುದಿಲ್ಲ, ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. "ಸಾವಜಿ ತಿಂದು ವರ್ಷವಾಯ್ತು ಮೇಡಂ" ಅಂದ. ಸಾವಜಿ ಮಟನ್ ಬಿಟ್ಟೆ ಅನ್ನುವ ನಾಗಪುರದವನ ದುಃಖ ಇಲ್ಲಿಯವರಿಗಷ್ಟೇ ಅರ್ಥವಾದೀತು.

"ಮತ್ತೆ ಖರ್ರಾ?" ಎಂದು ಅವರು ಕೇಳಿದರು. ಅವನು ನಾಚಿಕೊಂಡು ನಕ್ಕ. ತಲೆ ಸ್ವಲ್ಪ ಓರೆ ಮಾಡಿ, ಕೆನ್ನೆಯನ್ನು ಬೆರಳಿಂದ ಎಳೆದು, ಹಲ್ಲಿನ ಪಕ್ಕದ ಸಂದಿ ತೋರಿಸಿದ. "ಅದಕ್ಕೆ ಇಷ್ಟು ಜಾಗ ಸಾಕು."

ಇದನ್ನು ಆಯ್ಕೆ ಅನ್ನುವವರು ಆ ಸಂದಿಯನ್ನು ಒಮ್ಮೆ ನೋಡಬೇಕು. ತುಂಬ ಇಷ್ಟದ ಊಟ ಬಿಟ್ಟವನು, ಮಗುವಿನ ಕೈಯಿಂದ ತುತ್ತು ತಿನ್ನಲಾರದವನು, ಆ ನಷ್ಟಕ್ಕೆ ಕಾರಣವಾದದ್ದನ್ನೇ ಅದೇ ಬಾಯಿಗೆ ಹಾಕುತ್ತಾನೆ. ಸುಖಕ್ಕಾಗಿ ಅನ್ನೋಣವೆಂದರೆ ಸುಖ ಎಂದೋ ಮುಗಿದಿದೆ. ಹಾಕದಿದ್ದರೆ ತಲೆ ಹಿಡಿಯುತ್ತದೆ, ಕೈ ಕೆಲಸಕ್ಕೆ ಏಳುವುದಿಲ್ಲ, ಸಿಟ್ಟು ಬರುತ್ತದೆ, ಅದಕ್ಕೇ ಹಾಕುತ್ತಾನೆ. 1997ರಲ್ಲಿ ಅಮೆರಿಕದ ಅಲನ್ ಲೆಶ್ನರ್ ವ್ಯಸನವನ್ನು ಮಿದುಳಿನ ಕಾಯಿಲೆ ಎಂದು ಸೈನ್ಸ್ ಪತ್ರಿಕೆಯಲ್ಲಿ ಬರೆದಾಗ ಅವರ ವಾದದ ತಿರುಳು ಇದೇ: ಮೊದಲ ಸಲ ತೆಗೆದುಕೊಳ್ಳುವುದು ಇಷ್ಟದಿಂದ ಇರಬಹುದು, ಬಹಳ ಕಾಲ ತೆಗೆದುಕೊಂಡ ಮಿದುಳು ಮಾತ್ರ ಮೊದಲಿನ ಮಿದುಳಾಗಿ ಉಳಿಯುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಇನ್ನೊಂದು ಪಕ್ಷದ ಸಾಕ್ಷ್ಯವೂ ಗಟ್ಟಿಯಾಗಿದೆ. ಮಲೇರಿಯಾ ಬಂದವನಿಗೆ ಮಗಳ ಮದುವೆ ಅಂತ ಜ್ವರ ಬಿಡುವುದಿಲ್ಲ. ವ್ಯಸನ ಬಿಡುತ್ತದೆ, ಕೆಲವರಿಗೆ, ಕೆಲವೊಮ್ಮೆ. ದಿನವಿಡೀ ಸಿಗರೇಟು ಸೇದುವವರು ರಂಜಾನಿನಲ್ಲಿ ಸೂರ್ಯ ಮುಳುಗುವ ತನಕ ಮುಟ್ಟುವುದಿಲ್ಲ. ಶ್ರಾವಣ ಹಿಡಿದವರು ತಿಂಗಳು ಪೂರ್ತಿ ಬಾಟಲಿಯ ಕಡೆ ತಿರುಗಿ ನೋಡುವುದಿಲ್ಲ. ಬೆಲೆ ಏರಿದರೆ ಸೇವನೆ ಇಳಿಯುತ್ತದೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ ಹುಟ್ಟಿದರೆ ನಿಲ್ಲುತ್ತದೆ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಜೀನ್ ಹೇಮನ್ 2009ರ ತಮ್ಮ ಪುಸ್ತಕದಲ್ಲಿ ಇಂಥದ್ದನ್ನೆಲ್ಲ ಕಲೆಹಾಕಿ, ವ್ಯಸನವನ್ನು ಆಯ್ಕೆಯದೇ ಏರುಪೇರು ಎಂದು ವಾದಿಸಿದರು.

ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ವಿಯೆಟ್ನಾಂ ಯುದ್ಧದ್ದು. 1971ರಲ್ಲಿ ಅಲ್ಲಿಂದ ಮರಳುತ್ತಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ಗೋ ಅಫೀಮಿಗೋ ದಾಸರಾಗಿದ್ದೆವು ಎಂದು ಒಪ್ಪಿಕೊಂಡಿದ್ದರು. ಇಷ್ಟು ಮಂದಿ ಬೀದಿಗೆ ಬಿದ್ದರೆ ಗತಿಯೇನು ಎಂದು ಸರ್ಕಾರ ನಡುಗಿತ್ತು. ಲೀ ರಾಬಿನ್ಸ್ ಎಂಬ ಸಮಾಜ ವಿಜ್ಞಾನಿ ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರೆ, ಅಲ್ಲಿ ದಾಸರಾಗಿದ್ದವರಲ್ಲಿ ಮೊದಲ ವರ್ಷ ಮತ್ತೆ ಆ ಸ್ಥಿತಿಗೆ ಬಿದ್ದವರು ಶೇ 5ರಷ್ಟು ಮಾತ್ರ. ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಫಲಿತಾಂಶವನ್ನು ಜನ ನಂಬದೆ ರಾಬಿನ್ಸ್ ವರ್ಷಗಟ್ಟಲೆ ಉತ್ತರ ಕೊಡುತ್ತ ಕೂರಬೇಕಾಯಿತು.

ಹಾಗಾದರೆ ಅದು ಬರೀ ಆಯ್ಕೆಯಾಗಿತ್ತೆ? ನನಗೆ ಹಾಗನ್ನಿಸುವುದಿಲ್ಲ. ಆ ಸೈನಿಕರ ಸಂಕಲ್ಪ ಬಲ ವಿಮಾನದಲ್ಲಿ ಕೂತಾಗ ಇದ್ದಕ್ಕಿದ್ದಂತೆ ಹೆಚ್ಚಾಗಲಿಲ್ಲ. ಅವರ ಸುತ್ತಲಿನದು ಬದಲಾಯಿತು: ಅಗ್ಗದ ಹೆರಾಯಿನ್ ಇಲ್ಲ, ಸಾವಿನ ಭಯವಿಲ್ಲ, ಜೊತೆಗೆ ಸೇದುವವರಿಲ್ಲ, ಮನೆ ಇದೆ, ಕೆಲಸ ಇದೆ. ನಮ್ಮ ಆಟೊದವನಿಗೆ ಮರಳಿ ಹೋಗಲು ಅಂಥ ಊರಿಲ್ಲ. ಅವನ ವಿಯೆಟ್ನಾಂ ಅವನ ಸ್ಟ್ಯಾಂಡಿನ ಎದುರೇ ಇದೆ, ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ, ಮಾಲೀಕ ಅವನನ್ನು ಹೆಸರು ಹಿಡಿದು ಕರೆಯುತ್ತಾನೆ.

ನಮ್ಮ ಕಾನೂನನ್ನು ಕೇಳಿದರೆ ಅದು ಎರಡೂ ಕಡೆ ತಲೆಯಾಡಿಸುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ ಮಾದಕ ವಸ್ತು ಸೇವಿಸುವುದೇ ಅಪರಾಧ. ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷದವರೆಗೆ ಜೈಲು, ಉಳಿದವಕ್ಕೆ ಆರು ತಿಂಗಳವರೆಗೆ. ಅದೇ ಕಾಯ್ದೆಯ 64ಎ ಕಲಮು, ವ್ಯಸನಿ ತಾನಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ಬೇಡ ಅನ್ನುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹಿಂದೆಗೆದುಕೊಳ್ಳಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಇನ್ನೂ ಸ್ಪಷ್ಟ: ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಅದರಲ್ಲಿ ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯೊಳಗೇ ಇವೆ. ದೈಹಿಕ ಕಾಯಿಲೆಗೆ ಇರುವಂತೆಯೇ ಇದಕ್ಕೂ ವಿಮೆ ಕೊಡಬೇಕು ಎಂದೂ ಅಲ್ಲಿದೆ. ನಿಮ್ಮ ಆರೋಗ್ಯ ವಿಮೆಯ ಪುಸ್ತಿಕೆ ತೆರೆದು ನೋಡಿ. ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ, ಕುಡಿತ, ಮಾದಕ ವಸ್ತು ಅಥವಾ ಯಾವುದೇ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪೊಲೀಸನಿಗೆ ಅಪರಾಧ, ಡಾಕ್ಟರಿಗೆ ಕಾಯಿಲೆ, ವಿಮೆಯವನಿಗೆ ತಾನೇ ತಂದುಕೊಂಡದ್ದು. ದುಡ್ಡು ಯಾರು ಕೊಡಬೇಕು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂದು ನನ್ನ ಅನುಮಾನ.

ಕಾಯಿಲೆ ಎಂದು ಒಪ್ಪಿಕೊಂಡರೂ ಚಿಕಿತ್ಸೆಯ ಬಾಗಿಲು ದೂರವೇ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನಾಗಪುರದ ಪ್ರಾದೇಶಿಕ ಮನೋರೋಗ ಆಸ್ಪತ್ರೆ 1864ರಷ್ಟು ಹಳೆಯದು. ಊರವರ ಬಾಯಲ್ಲಿ ಇವತ್ತಿಗೂ ಅದು ಪಾಗಲ್‌ಖಾನಾ. ಅದರ ಗೇಟಿನೊಳಗೆ ಹೋಗುವುದನ್ನು ಪಕ್ಕದ ಮನೆಯವರು ಕಂಡರೆ ಎಂಬ ಅಂಜಿಕೆಯಲ್ಲಿ ಎಷ್ಟು ಜನ ದಾರಿ ಬದಲಿಸಿರಬಹುದೋ. ಇನ್ನೊಂದು ಕಡೆ, ಕಾಯಿಲೆ ಎಂಬ ಪದವನ್ನೇ ಹಿಡಿದು ಹೆತ್ತವರಿಂದ ಮುಂಗಡ ಹಣ ಪಡೆದು ಹುಡುಗರನ್ನು ತಿಂಗಳುಗಟ್ಟಲೆ ಬೀಗದೊಳಗೆ ಇಡುವ ಖಾಸಗಿ ಕೇಂದ್ರಗಳು ದೇಶದ ಎಲ್ಲ ಕಡೆ ಇವೆ. ರೋಗಿ ಎಂದು ಕರೆದು ಕೈದಿಯಂತೆ ನೋಡುವುದಾದರೆ ಹೆಸರು ಬದಲಿಸಿ ಏನು ಬಂತು?

ಹೀಗಾಗಿ ನಾನು ಮತ್ತೆ ಅಕ್ಟೋಬರ್ 14ಕ್ಕೇ ಹೋಗುತ್ತೇನೆ. ಆ ಪ್ರತಿಜ್ಞೆಯಲ್ಲಿ ಆಯ್ಕೆ ಇತ್ತು, ನಿಜ. ಆದರೆ ಒಬ್ಬೊಬ್ಬನೇ ಮನೆಯಲ್ಲಿ ಕನ್ನಡಿ ನೋಡಿಕೊಂಡು ಮಾಡಿದ ಆಯ್ಕೆ ಅಲ್ಲ ಅದು. ಕೇರಿಯ ಕೇರಿಯೇ ಒಟ್ಟಿಗೆ ನಿಂತು ಹೇಳಿದ್ದು. ಮರುದಿನ ಕುಡಿಯಲು ಕರೆಯುವ ಗೆಳೆಯನೂ ನಿನ್ನೆ ಪಕ್ಕದಲ್ಲೇ ನಿಂತು ಅದೇ ಮಾತು ಹೇಳಿದವನು. ಬಿಡುವವನಿಗೆ ಹೊಸ ಹೆಸರು, ಹೊಸ ಮರ್ಯಾದೆ, ಹೊಸ ಜೊತೆ ಒಂದೇ ದಿನ ಸಿಕ್ಕಿತು. ಸೈನಿಕರು ವಿಮಾನ ಹತ್ತಿ ಊರು ಬದಲಿಸಿದರು. ಇವರು ನಿಂತಲ್ಲೇ ಊರನ್ನು ಬದಲಿಸಲು ಹೊರಟವರು. ಪ್ರತಿ ದಸರೆಗೆ ದೀಕ್ಷಾಭೂಮಿಗೆ ಕಲಬುರಗಿ, ಬೀದರ ಕಡೆಯಿಂದ ನಮ್ಮವರೂ ಬರುತ್ತಾರೆ. ಈಚೆಗೆ ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯೇ ಪ್ರಯಾಣದ ಏರ್ಪಾಡು ಮಾಡುತ್ತಿದೆ. ಗಂಡ ಕುಡಿತ ಬಿಟ್ಟದ್ದು ಇಲ್ಲಿಗೆ ಬಂದ ಮೇಲೆ ಎಂದು ಆಳಂದ ಕಡೆಯ ಹೆಂಗಸೊಬ್ಬರು ಹೇಳಿದ್ದರು. "ಅಲ್ಲಿ ಒಬ್ಬವ್ರೇ ಬಿಡಂದ್ರ ಬಿಡತಿದ್ದಿಲ್ರೀ. ಇಲ್ಲಿ ಎಲ್ಲಾರೂ ಬಿಟ್ರು, ಇವ್ರೂ ಬಿಟ್ರು" ಅಂದರು. ವೈದ್ಯಕೀಯ ಪುಸ್ತಕಗಳು ಇದನ್ನು ಇಷ್ಟು ಚಿಕ್ಕದಾಗಿ ಹೇಳಲಾರವು.

ಇದೇ ಗುಟ್ಟನ್ನು ಬೇರೆಯವರೂ ಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ. 1935ರಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಡಾಕ್ಟರು, ಇಬ್ಬರೂ ಕುಡುಕರೇ, ಸೇರಿ ಶುರು ಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕುಡಿತವನ್ನು ಕಾಯಿಲೆ ಅನ್ನುತ್ತದೆ, ಮದ್ದಾಗಿ ಕೊಡುವುದು ಮಾತ್ರ ಸಂಗಡಿಗರ ಎದುರು ಮಾಡುವ ದಿನದಿನದ ನಿರ್ಧಾರ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ನಮ್ಮ ಹಳ್ಳಿಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು: ಊರಿನ ಸಭಾಭವನದಲ್ಲೇ ವಾಸ, ಹೆಂಡತಿ ಮಕ್ಕಳೂ ಬಂದು ಕೂರುತ್ತಾರೆ, ಮುಗಿದ ಮೇಲೂ ಹಳೆಯ ಶಿಬಿರಾರ್ಥಿಗಳು ಒಬ್ಬರನ್ನೊಬ್ಬರು ವಿಚಾರಿಸುತ್ತಿರುತ್ತಾರೆ. ನಾಗಪುರದಲ್ಲೇ ವೈದ್ಯಕೀಯ ಓದಿದ ಡಾ. ಅಭಯ್ ಬಂಗ್, ಪತ್ನಿ ಡಾ. ರಾಣಿ ಬಂಗ್ ಅವರೊಂದಿಗೆ 1986ರಿಂದ ಗಡಚಿರೋಲಿಯಲ್ಲಿದ್ದಾರೆ. ಜನಚಳವಳಿಯ ಒತ್ತಡಕ್ಕೆ 1993ರಲ್ಲಿ ಆ ಜಿಲ್ಲೆಯಲ್ಲಿ ಪಾನನಿಷೇಧ ಬಂತು. ಮುಂದೆ ಮುಕ್ತಿಪಥ ಎಂಬ ಹೆಸರಿನಲ್ಲಿ ಹಳ್ಳಿಯ ಸಂಘಟನೆ, ಕಾನೂನು, ಚಿಕಿತ್ಸೆ ಮೂರನ್ನೂ ಹೆಣೆದು ಮದ್ಯದ ಜೊತೆಗೆ ತಂಬಾಕಿನ ಮೇಲೂ ಅಲ್ಲಿ ಕೆಲಸ ನಡೆಯಿತು. ನಿಷೇಧ ಒಂದೇ ಸಾಲದು ಎಂಬುದಕ್ಕೆ ಪಕ್ಕದ ಚಂದ್ರಪುರ ಇದೆ. 2015ರಲ್ಲಿ ತಂದದ್ದನ್ನು 2021ರಲ್ಲಿ ಸರ್ಕಾರ ತಾನೇ ತೆಗೆಯಿತು.

ಪ್ರತಿಜ್ಞೆಗೆ ಒಂದು ಕ್ರೂರ ಮುಖವೂ ಇದೆ. ಜಾರಿದವನು ಎಲ್ಲರ ಮುಂದೆ ಕೊಟ್ಟ ಮಾತಿಗೆ ತಪ್ಪಿದವನಾಗುತ್ತಾನೆ. ಅಡಗಿಕೊಂಡು ಕುಡಿಯುತ್ತಾನೆ, ಸಹಾಯ ಕೇಳಲು ಮುಖವಿರುವುದಿಲ್ಲ. ಇಲ್ಲಿ ಮಾತ್ರ ನನಗೆ ಸಿಯಾಟಲ್‌ನ ಡಾಕ್ಟರುಗಳೇ ಬೇಕು. ಚಿಕಿತ್ಸೆಯ ನಂತರ ಮತ್ತೆ ಜಾರುವವರು ಶೇ 40ರಿಂದ 60. ರಕ್ತದೊತ್ತಡ, ಅಸ್ತಮಾದವರಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣವೂ ಹೆಚ್ಚು ಕಡಿಮೆ ಅಷ್ಟೇ ಎಂದು 2000ದಲ್ಲಿ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು ಬರೆದರು. ಬಿಪಿ ಏರಿದವನನ್ನು ನಾವು ವಚನಭ್ರಷ್ಟ ಅನ್ನುವುದಿಲ್ಲ, ಮಾತ್ರೆ ಬದಲಿಸುತ್ತೇವೆ.

ಇಷ್ಟು ಹೊತ್ತು ತಿನ್ನುವವನ ಆಯ್ಕೆಯ ಮಾತಾಯಿತು. ಮಾರುವವರದು, ಬೆಳೆಯುವವರದು? ದೇಶದ ಅಡಿಕೆಯಲ್ಲಿ ದೊಡ್ಡ ಪಾಲು ಕರ್ನಾಟಕದ್ದು. ನಾಗಪುರದ ಇತವಾರಿ ಪೇಟೆಯ ಅಡಿಕೆ ಚೀಲಗಳನ್ನು ಕಂಡಾಗ ಊರಿನ ಅಂಗಳ ನೆನಪಾಗದಿರುವುದಿಲ್ಲ. ಇಂಡೋನೇಷ್ಯಾದಿಂದ ಕಳ್ಳದಾರಿಯಲ್ಲಿ ಬಂದ ಅಡಿಕೆಯ ವಿಷಯ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹತ್ತಿ ಸಿಬಿಐ ತನಿಖೆಯಾದಾಗ ಮಲೆನಾಡಿನಲ್ಲಿ ಖುಷಿಪಟ್ಟವರಿದ್ದಾರೆ. ನಮ್ಮ ಮಾಲಿಗೆ ಧಾರಣೆ ಬರುತ್ತದಲ್ಲ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆಯ 2024ರ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 83,400 ಬಾಯಿ ಕ್ಯಾನ್ಸರ್‌ಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಊರಿನಲ್ಲಿ ಈ ಮಾತೆತ್ತಿದರೆ ಚಿಕ್ಕಪ್ಪ, "ಹಾಂಗಂದ್ರೆ ತೋಟ ಕಡಿದು ಹಾಕವನೋ ತಮಾ?" ಎಂದು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ, ನನ್ನ ಹತ್ತಿರ ಉತ್ತರವಿಲ್ಲ. ನಾನು ಓದಿದ್ದು ಆ ತೋಟದ ದುಡ್ಡಿನಲ್ಲೇ. ಆದರೆ ತಿನ್ನುವವನಿಗೆ "ಅದು ನಿನ್ನ ಆಯ್ಕೆ" ಎಂದು ಹೇಳುವಾಗ ನಮ್ಮ ಆದಾಯ ನಿಂತಿರುವುದು ಅವನಿಗೆ ಆಯ್ಕೆ ಇಲ್ಲದಿರುವುದರ ಮೇಲೆ ಎಂಬುದು ನೆನಪಿರಬೇಕು.

2016-17ರ ತಂಬಾಕು ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ವಯಸ್ಕರಲ್ಲಿ ಶೇ 24.4 ಮಂದಿ ಹೊಗೆಯಿಲ್ಲದ ತಂಬಾಕು ಬಳಸುವವರು. ದೇಶದಲ್ಲಿ ಅದನ್ನು ಬಳಸುವವರ ಪೈಕಿ ಮೂರರಲ್ಲಿ ಒಂದು ಪಾಲು ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನಿಸಿದ್ದರು. ಆಯ್ಕೆ ಮಾಡುವ ಮನಸ್ಸು ಸತ್ತಿಲ್ಲ ಎಂದಾಯಿತು. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು. ನಿಷೇಧದ ಆದೇಶ ಖರ್ರಾ, ಮಾವಾಗಳನ್ನೂ ಹೆಸರಿಸುತ್ತದೆ. ಠೇಲಾಗಳು ಮುಚ್ಚಲಿಲ್ಲ. 2018ರಿಂದ ತಂಬಾಕಿನ ಪ್ರತಿ ಪ್ಯಾಕೆಟ್ಟಿನ ಮೇಲೆ ರೋಗದ ಚಿತ್ರದ ಜೊತೆಗೆ, ಬಿಡಬೇಕೆನ್ನುವವರು ಪುಕ್ಕಟೆಯಾಗಿ ಕರೆಯಬಹುದಾದ 1800-11-2356 ಎಂಬ ಸಂಖ್ಯೆ ಅಚ್ಚಾಗಲೇಬೇಕು. ಆ ಸಾಲಿನಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ. ಆ ಪ್ಯಾಕೆಟ್ಟು ಠೇಲಾದವನ ಹಲಗೆಯ ಕೆಳಗಿರುತ್ತದೆ. ಗಿರಾಕಿಯ ಕೈಗೆ ಬರುವ ಖರ್ರಾದ ಪೊಟ್ಟಣದ ಮೇಲೆ ಏನೂ ಬರೆದಿರುವುದಿಲ್ಲ.